ಹಳೇ ಕಾರು

ಅದು 2021ನೇ ಇಸವಿ. ತಂಗಿಯ ಗಂಡ ಡ್ರೈವರು. ಸ್ವಂತ ಕಾರು ಕೊಳ್ಳುವ ಆಸೆ. ಶೋರೂಮಿನಲ್ಲಿ ಕಾರೇ ಇಲ್ಲ! "ಬುಕ್ ಮಾಡಿ, ಕೆಲವು ತಿಂಗಳು ಕಾಯಿರಿ" ಅಂದರು.

ಏಕೆ? ಈಗಿನ ಕಾರಿಗೆ ಚಿಪ್ ಬೇಕು. ಅದು ಉಗುರಿನಷ್ಟು ಚಿಕ್ಕ ಬಿಲ್ಲೆ. ಕೊರೋನಾ ಕಾಲದಲ್ಲಿ ಅದರ ಅಭಾವವಾಯಿತು. ಹೊಸ ಕಾರು ಕಡಿಮೆಯಾಯಿತು. ಹಳೇ ಕಾರಿನ ಬೆಲೆ ಏರಿತು.

ತಂಗಿ ಸರ ಅಡವಿಡಲು ಹೊರಟಳು. ಬ್ರೋಕರ್ ಒಂದು ಹಳೇ ಕಾರು ತೋರಿಸಿದ.

"ಇವತ್ತೇ ದುಡ್ಡು ಕೊಡಿ. ನಾಳೆ ಬೇರೆಯವರು ತಗೋತಾರೆ."

"ಮೊದಲು ಆರ್‌ಸಿ ತೋರಿಸಿ ಅಣ್ಣಾ" ಎಂದಳು ಅಕ್ಕ.

ಅಕ್ಷರ ಕೂಡಿಸಿ ಓದಿದಳು. ಮಾಲೀಕರ ಹೆಸರು. ಚಾಸಿ ನಂಬರು. ಕಾರಿನ ಮೇಲೂ ಅದೇ ನಂಬರು, ಸರಿ. ಕೊನೆಗೆ ಒಂದು ಬ್ಯಾಂಕಿನ ಹೆಸರು!

"ಅಯ್ಯೋ, ಇದರ ಸಾಲ ತೀರಿಲ್ಲ ಕಣೇ!"

"ಅದೆಲ್ಲ ಆಮೇಲೆ ಆಗುತ್ತಮ್ಮ."

"ಬ್ಯಾಂಕಿನ ಪತ್ರ, ಫಾರಂ 35 ತನ್ನಿ. ಆಮೇಲೆ ದುಡ್ಡು."

ಹೆಸರು ಬದಲಾಗಲು ಫಾರಂ 29, 30 ಬೇಕು. ಬರೀ ಕೀಲಿ ಕೊಟ್ಟರೆ ಸಾಲದು. ಮಾರುವವರಿಗೂ ಇದು ಮುಖ್ಯ. ಹೆಸರು ಬದಲಾಗದ ಕಾರು ಅಪಘಾತ ಮಾಡಿದರೆ ನೋಟೀಸು ಹಳೇ ಮಾಲೀಕರ ಮನೆಗೇ ಬರುತ್ತದೆ. ಮಾರಿದವರು 14 ದಿನದೊಳಗೆ ಆರ್‌ಟಿಓ ಕಚೇರಿಗೆ ತಿಳಿಸಬೇಕು.

ಬ್ರೋಕರ್ ಪತ್ರ ತರಲು ಹೋದ. ವಾರವಾದರೂ ಬರಲಿಲ್ಲ. ತಂಗಿಯ ಸರ ಕೊರಳಲ್ಲೇ ಉಳಿಯಿತು.