ಒಂದೇ ದಿಬ್ಬಕ್ಕೆ ಮತ್ತೆ ಮತ್ತೆ ಹೋಗು



ವಾರವಿಡೀ ದುಬೈಯ ಆಫೀಸಿನಲ್ಲಿ ಕೂತು, ಶನಿವಾರ ಬೆಳಗಾಗುತ್ತಲೇ ಮಾಸ್ಕು, ಫಿನ್ಸುಗಳನ್ನು ಕಾರಿನ ಡಿಕ್ಕಿಗೆ ಹಾಕಿಕೊಂಡು, ಹಜರ್ ಬೆಟ್ಟ ದಾಟಿ ಫುಜೈರಾದ ಕಡಲಿಗೆ ಸ್ನಾರ್ಕ್ಲಿಂಗಿಗೆಂದು ಇಳಿಯುವ ಹವ್ಯಾಸ ನಿನಗೆ ಹಿಡಿದಿದೆ ಎಂದು ಕೇಳಿ ಸಂತೋಷವಾಯಿತು. ಆ ಸಂತೋಷಕ್ಕೆ ಅಡ್ಡ ಬರುವ ಉದ್ದೇಶ ಈ ಪತ್ರಕ್ಕಿಲ್ಲ. ಈ ರಜೆಗೆ ಮಾಲ್ದೀವ್ಸ್, ಮುಂದಿನದಕ್ಕೆ ಈಜಿಪ್ಟಿನ ಕೆಂಪು ಸಮುದ್ರ, ಆಮೇಲೆ ಥಾಯ್ಲೆಂಡ್ ಎಂದು ನೀನು ಮಾಡಿಕೊಂಡಿರುವ ಪಟ್ಟಿಯ ಬಗ್ಗೆ ಮಾತ್ರ ನನ್ನದೊಂದು ತಕರಾರಿದೆ. ಆ ಪಟ್ಟಿಯನ್ನು ಸದ್ಯಕ್ಕೆ ಮಡಚಿಡು. ಅಲ್ ಅಖಾದ ದಂಡೆಯೆದುರು ಸ್ನೂಪಿ ಐಲ್ಯಾಂಡ್ ಎಂದು ಎಲ್ಲರೂ ಕರೆಯುವ ಬಂಡೆಯಿದೆಯಲ್ಲ, ಈಜಿ ಮುಟ್ಟಬಹುದಾದಷ್ಟು ಹತ್ತಿರದ್ದು, ಅದರ ಸುತ್ತಲಿನ ಹವಳಕ್ಕೇ ಎರಡು ಮೂರು ವರ್ಷ ಬಿಡದೆ ಹೋಗು. ಹತ್ತು ದೇಶದ ಹವಳ ನೋಡಿದವನಿಗಿಂತ ಒಂದೇ ಹವಳದ ದಿಬ್ಬವನ್ನು ಎಲ್ಲ ಋತುಗಳಲ್ಲೂ ನೋಡಿದವನು ಹೆಚ್ಚು ನೋಡಿರುತ್ತಾನೆ ಎಂಬುದು ನನ್ನ ವಾದ. ಆ ದಿಬ್ಬಕ್ಕೂ ಅವನಿಂದಲೇ ಹೆಚ್ಚು ಉಪಕಾರ.

ಹವಳದ ನಡುವೆ ಬದುಕುವ ಜೀವಿಗಳಲ್ಲಿ ಬಹಳಷ್ಟಕ್ಕೆ ಖಾಯಂ ವಿಳಾಸವಿರುತ್ತದೆ ಎಂಬುದರಿಂದ ಶುರುಮಾಡೋಣ. ಅಂಗೈಯಗಲದ ಡ್ಯಾಮ್ಸೆಲ್ ಮೀನು ತನ್ನ ಪಾಲಿನ ಒಂದು ತುಂಡು ಬಂಡೆಯನ್ನು ಕಾಯುತ್ತಾ, ತನಗಿಂತ ನೂರು ಪಟ್ಟು ದೊಡ್ಡವನಾದ ನಿನ್ನನ್ನೂ ಅಟ್ಟಿಸಿಕೊಂಡು ಬರುತ್ತದೆ. ಕ್ಲೀನರ್ ರಾಸ್ ಎಂಬ ನೀಲಿ ಪಟ್ಟೆಯ ಪುಟ್ಟ ಮೀನು ಒಂದೇ ಜಾಗದಲ್ಲಿ ಅಂಗಡಿ ಇಟ್ಟಿರುತ್ತದೆ. ದೊಡ್ಡ ಮೀನುಗಳು ಅಲ್ಲಿಗೆ ಬಂದು, ಬಾಯಿ ಕಿವಿರು ಅಗಲಿಸಿ ನಿಂತು, ಮೈಮೇಲಿನ ಪರಾವಲಂಬಿಗಳನ್ನು ತೆಗೆಸಿಕೊಂಡು ಹೋಗುತ್ತವೆ. ಅನಿಮೋನ್ ಎಂಬ ಕಡಲಜೀವಿಯೊಂದರಲ್ಲಿ ಸಂಸಾರ ಹೂಡಿದ ಕ್ಲೌನ್ ಮೀನುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣು. ಅದು ಸತ್ತರೆ ಜೊತೆಯ ಗಂಡೇ ಹೆಣ್ಣಾಗಿ ಮಾರ್ಪಟ್ಟು ಅದರ ಸ್ಥಾನಕ್ಕೆ ಬರುತ್ತದೆ. ಕಡಲಾಮೆಯ ಮುಖದ ಮೇಲಿನ ಚಿಪ್ಪುಗಳ ವಿನ್ಯಾಸ ಒಂದರದ್ದು ಇನ್ನೊಂದರಂತಿರುವುದಿಲ್ಲವಾದ್ದರಿಂದ, ವಿಜ್ಞಾನಿಗಳು ಬರಿಯ ಫೋಟೋ ಹೋಲಿಸಿ ಇಂಥದೇ ಆಮೆ ಎಂದು ಗುರುತಿಸುತ್ತಾರೆ. ಒಂದು ದಿನಕ್ಕೆ ಬಂದು ಹೋಗುವವನಿಗೆ ಇದರಲ್ಲಿ ಯಾವುದೂ ಕಾಣುವುದಿಲ್ಲ. ಅವನಿಗೆ ಕಾಣುವುದು ಬಣ್ಣ, ಗುಂಪು, ಚಲನೆ. ತೇರಿನ ದಿನ ಮಾತ್ರ ಬಂದವನಿಗೆ ಊರು ಕಂಡಷ್ಟು. ಯಾರು ಯಾರ ಜೊತೆಗಿದ್ದಾರೆ, ಕಳೆದ ತಿಂಗಳು ಇದ್ದದ್ದು ಈಗ ಯಾಕಿಲ್ಲ ಎಂಬ ಪ್ರಶ್ನೆ ಹುಟ್ಟಬೇಕಾದರೆ ಕಳೆದ ತಿಂಗಳೂ ಅಲ್ಲಿ ಮುಖ ಮುಳುಗಿಸಿರಬೇಕು.

ಇದು ಬರಿಯ ಖುಷಿಯ ಲೆಕ್ಕವಲ್ಲ. ನೀನು ಹೋಗುವ ಆ ಕರಾವಳಿಯ ಚರಿತ್ರೆಯನ್ನೇ ತೆಗೆದುಕೋ. 2007ರ ಜೂನಿನಲ್ಲಿ ಗೋನು ಚಂಡಮಾರುತ ಒಮಾನ್ ಕೊಲ್ಲಿಯ ಹವಳಗಳನ್ನು ಬಡಿಯಿತು. ಮರುವರ್ಷ ಆಗಸ್ಟಿನಲ್ಲಿ ಕಾಕ್ಲೋಡಿನಿಯಮ್ ಎಂಬ ಸೂಕ್ಷ್ಮ ಪಾಚಿ ವಿಪರೀತ ಬೆಳೆದು ಸಮುದ್ರಕ್ಕೆ ಕೆಂಗಂದು ಬಣ್ಣ ಬಂತು. ಅದು ತಿಂಗಳುಗಟ್ಟಲೆ ಕದಲಲಿಲ್ಲ. ಮೀನುಗಳು ರಾಶಿರಾಶಿ ಸತ್ತವು. ಕಡಲ ನೀರನ್ನು ಸಿಹಿನೀರು ಮಾಡುವ ಘಟಕಗಳೂ ಕೆಲವು ಕೆಲಸ ನಿಲ್ಲಿಸಬೇಕಾಯಿತು. ಸ್ನೂಪಿ ಐಲ್ಯಾಂಡಿಗೆ ಹತ್ತಿರದ ದಿಬ್ಬಾ ಎಂಬ ಊರಿನ ಸುತ್ತ ಕೊಂಬೆಗೊಂಬೆಯಾಗಿ ಬೆಳೆಯುವ ಹವಳಗಳು ಸಂಶೋಧಕರು ಸಮೀಕ್ಷೆ ಮಾಡಿದ ಜಾಗಗಳಲ್ಲಿ ನಿರ್ನಾಮವಾಗಿ, ಮೀನುಗಳ ಸಂಖ್ಯೆಯೂ ಇಳಿಯಿತು. ಇಷ್ಟು ಖಚಿತವಾಗಿ ಹೇಳಲು ಆಗುತ್ತಿರುವುದು ಯಾಕೆ ಗೊತ್ತೇ? ಪಾಚಿ ಬರುವ ಮೊದಲೇ ಯಾರೋ ಅಲ್ಲಿ ಮುಳುಗಿ ಎಣಿಸಿಟ್ಟಿದ್ದರು. ಎಣಿಸದೆ ಬಿಟ್ಟ ದಿಬ್ಬಗಳಲ್ಲಿ ಏನೇನು ಹೋಯಿತೋ ಹೇಳುವವರಿಲ್ಲ. ಮೀನುಗಾರಿಕಾ ವಿಜ್ಞಾನಿ ಡೇನಿಯಲ್ ಪಾಲಿ 1995ರಲ್ಲೇ ಇದರ ಅಪಾಯವನ್ನು ಎತ್ತಿ ತೋರಿಸಿದ್ದರು: ಪ್ರತಿ ತಲೆಮಾರೂ ತಾನು ಮೊದಲು ಕಂಡ ಸಮುದ್ರವನ್ನೇ ಸಮುದ್ರದ ಸಹಜ ಸ್ಥಿತಿ ಎಂದು ನಂಬಿಬಿಡುತ್ತದೆ. ನೀನು ಈಗ ನೋಡುತ್ತಿರುವ ಸ್ನೂಪಿಯೂ ಹಾಗೆ ಅರ್ಧ ಕಳೆದುಕೊಂಡು ಅರ್ಧ ಚೇತರಿಸಿಕೊಂಡದ್ದಿರಬಹುದು, ಆದರೆ ಒಮ್ಮೆ ನೋಡಿ ಬಂದವನಿಗೆ ಅದೂ ಸ್ವರ್ಗವೇ.

ನೀನು ಕೇಳಬಹುದು: ಹೇಗೂ ಎಲ್ಲ ಸಾಯುತ್ತಿದೆ, ಇರುವಾಗಲೇ ಆದಷ್ಟು ನೋಡಿಬಿಡಬಾರದೇ? ಸಾಯುತ್ತಿದೆ ಎಂಬುದು ಸುಳ್ಳಲ್ಲ. ನೀರು ಅಳತೆ ಮೀರಿ ಬಿಸಿಯಾದರೆ ಹವಳವು ತನ್ನ ಮೈಯೊಳಗಿದ್ದು ಆಹಾರ ಒದಗಿಸುವ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ; ಬಿಸಿ ಬೇಗ ಇಳಿಯದಿದ್ದರೆ ಸಾಯುತ್ತದೆ. ನಾಲ್ಕನೆಯ ಜಾಗತಿಕ ಬಿಳಿಚುವಿಕೆ ನಡೆಯುತ್ತಿದೆ ಎಂದು 2024ರ ಏಪ್ರಿಲ್‌ನಲ್ಲಿ ಅಧಿಕೃತವಾಗಿ ಸಾರಲಾಯಿತು. ನೀನು ದಾಟುವ ಬೆಟ್ಟದ ಆಚೆ ಬದಿಗೆ, ಅಬುಧಾಬಿಯ ಕಡೆಯ ಕೊಲ್ಲಿಯಲ್ಲಿ, ಬೇಸಿಗೆಯಲ್ಲಿ 35 ಡಿಗ್ರಿ ಮುಟ್ಟುವ ನೀರನ್ನು ತಡೆದುಕೊಂಡು ಜಗತ್ತಿನ ವಿಜ್ಞಾನಿಗಳ ಹುಬ್ಬೇರಿಸಿದ್ದ ಹವಳಗಳಿದ್ದವು. 2017ರ ಬೇಸಿಗೆಯಲ್ಲಿ ಶಮಾಲ್ ಎಂಬ ಅಲ್ಲಿನ ಗಾಳಿ ಸರಿಯಾಗಿ ಬೀಸದೆ ನೀರು ತಣಿಯಲಿಲ್ಲ. ಮುಂದಿನ ವಸಂತದ ಹೊತ್ತಿಗೆ ಅಲ್ಲಿನ ಹವಳದ ಸುಮಾರು ಮೂರನೇ ಎರಡು ಪಾಲು ಇಲ್ಲವಾಗಿತ್ತು. ಒಪ್ಪಿದೆ. ಆದರೆ ಇದರಿಂದ ಅವಸರದ ಪ್ರವಾಸಕ್ಕೆ ಸಮರ್ಥನೆ ಸಿಗುವುದು ಹೇಗೆ? ವಿಮಾನದ ಹೊಗೆಯ ಮಾತು ನಿನಗೇ ಗೊತ್ತಿದೆ, ಬಿಡು. ನನಗೆ ಹೆಚ್ಚು ಕಾಡುವುದು ಇನ್ನೊಂದು. ಓಡೋಡಿ ನೋಡುವವನಿಗೆ ಸತ್ತದ್ದೂ ಬದುಕಿದ್ದೂ ಬೇರೆಯೆಂದೇ ತಿಳಿಯುವುದಿಲ್ಲ. ಪಾಚಿ ಹತ್ತಿದ ಸತ್ತ ಹವಳದ ಸುತ್ತಲೂ ಕೆಲಕಾಲ ಮೀನುಗಳು ಸುಳಿಯುತ್ತಲೇ ಇರುತ್ತವೆ. ಅರೇಬಿಯನ್ ಚಿಟ್ಟೆಮೀನಿನಂಥವು ಮಾತ್ರ, ಜೀವಂತ ಹವಳವನ್ನೇ ಕುಕ್ಕಿ ತಿಂದು ಬದುಕುವಂಥವು, ಒಂದೊಂದಾಗಿ ಮರೆಯಾಗುತ್ತವೆ. ಮರೆಯಾದದ್ದನ್ನು ಗಮನಿಸಲು ಮೊದಲೇ ಪರಿಚಯವಿರಬೇಕು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯದು. ಒಂದೇ ಜಾಗಕ್ಕೆ ಪದೇ ಪದೇ ಹೋದರೆ ಆ ಜಾಗಕ್ಕೇ ಹೆಚ್ಚು ಪೆಟ್ಟಲ್ಲವೇ? ಜನ, ದೋಣಿಗಳ ದಟ್ಟಣೆಯಿಂದ ಹವಳ ಹಾಳಾಗುವುದಕ್ಕೆ ಥಾಯ್ಲೆಂಡಿನ ಮಾಯಾ ಬೇ ಕಣ್ಣೆದುರಿನ ಸಾಕ್ಷಿ. 2018ರ ಜೂನಿನಲ್ಲಿ ಸರ್ಕಾರ ಅದನ್ನು ಮುಚ್ಚಿತು. ದೋಣಿ, ಜನ ಎರಡೂ ನಿಂತ ಮೇಲೆ ಕಪ್ಪು ತುದಿಯ ರೆಕ್ಕೆಯ ಶಾರ್ಕ್‌ಗಳು ಆ ಕೊಲ್ಲಿಗೆ ಮರಳಿದವು. 2022ರ ಜನವರಿಯಲ್ಲಿ ತೆರೆದಾಗ ಜನರ ಸಂಖ್ಯೆಗೆ ಮಿತಿ ಹಾಕಲಾಯಿತು. ಎಲ್ಲರೂ ನನ್ನ ಮಾತು ಕೇಳಿ ಒಂದೇ ಬಂಡೆಗೆ ಮುತ್ತಿದರೆ ಅಂಥ ಮಿತಿ ಬೇಕೇ ಬೇಕು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಯಾವ ಜಾಗದಲ್ಲೇ ಆಗಲಿ ಈಜುವವರಿಂದ ಹವಳ ಮುರಿಯುವುದು ಎಷ್ಟೋ ಸಲ ಗಾಬರಿಯಿಂದ: ಮಾಸ್ಕಿಗೆ ನೀರು ನುಗ್ಗಿತು, ಉಸಿರು ಕಟ್ಟಿತು, ಕಾಲೂರಲು ಏನಾದರೂ ಸಿಕ್ಕೀತೇ ಎಂದು ಹುಡುಕಿದ, ಸಿಕ್ಕಿದ್ದು ಹವಳ. ಕೊಂಬೆಯ ಹವಳ ವರ್ಷಕ್ಕೆ ಹತ್ತು ಸೆಂಟಿಮೀಟರಿನಷ್ಟು ಬೆಳೆದರೆ ಗುಂಡು ಹವಳ ಒಂದು ಸೆಂಟಿಮೀಟರ್ ಬೆಳೆದರೆ ಹೆಚ್ಚು; ಒಂದು ಒದೆತದ ಬೆಲೆ ದಶಕಗಳು. ಇಳಿತದ ಹೊತ್ತಿಗೆ ಎಲ್ಲಿ ನೀರು ಮೊಣಕಾಲುದ್ದವಾಗುತ್ತದೆ, ಸೆಳೆತ ಯಾವ ಕಡೆಗೆ, ಉದ್ದ ಮುಳ್ಳಿನ ಸೀ ಅರ್ಚಿನ್‌ಗಳು ಯಾವ ಸಂದಿಯಲ್ಲಿ ಕೂತಿವೆ ಎಂದು ಬಲ್ಲವನು ಹವಳವನ್ನೂ ಉಳಿಸುತ್ತಾನೆ, ತನ್ನ ಜೀವವನ್ನೂ. ಜೀವದ ಮಾತು ಬಂದದ್ದಕ್ಕೆ ಹೇಳುತ್ತೇನೆ: ಈಜು ಚೆನ್ನಾಗಿ ಬರುವವರೂ ಸ್ನಾರ್ಕ್ಲಿಂಗಿನಲ್ಲಿ ಸದ್ದಿಲ್ಲದೆ ಮುಳುಗಿದ್ದಾರೆ, ಮುಖ ನೀರಿನಲ್ಲೇ ಇರುವುದರಿಂದ ದಂಡೆಯಲ್ಲಿದ್ದವರಿಗೆ ಗೊತ್ತಾಗುವುದೇ ಇಲ್ಲ. ಒಬ್ಬನೇ ಇಳಿಯಬೇಡ, ತೇಲುವ ಜಾಕೆಟ್ ಹಾಕಿಕೊಳ್ಳಲು ನಾಚಬೇಡ. ತುಂಬುತೋಳಿನ ಈಜು ಅಂಗಿ ತೊಟ್ಟರೆ ಸನ್‌ಸ್ಕ್ರೀನ್ ಅಷ್ಟು ಬೇಕಾಗುವುದೂ ಇಲ್ಲ. ಹವಳಕ್ಕೆ ಕೆಡುಕೆಂದು ಕಂಡ ಎರಡು ರಾಸಾಯನಿಕಗಳಲ್ಲಿ ಒಂದಾದರೂ ಇರುವ ಸನ್‌ಸ್ಕ್ರೀನ್‌ಗಳ ಮಾರಾಟವನ್ನು ಹವಾಯಿ 2021ರಿಂದ ನಿಷೇಧಿಸಿದೆ. ಮೀನಿಗೆ ಬ್ರೆಡ್ಡು ಹಾಕುವವರ ಜೊತೆ ವಾದ ಮಾಡುತ್ತಾ ಕೂರಬೇಡ, ನೀನು ಹಾಕದಿದ್ದರೆ ಸಾಕು. ಮರಳಲ್ಲಿ ಬಿದ್ದಿದೆ ಎಂದು ಹವಳದ ಚೂರೊಂದನ್ನು ಜೇಬಿಗಿಳಿಸಿ ಮಂಗಳೂರಿಗೆ ತಂದೀಯೆ, ಜೋಕೆ. ನಮ್ಮ 1972ರ ವನ್ಯಜೀವಿ ಕಾಯ್ದೆಯಡಿ ಹವಳಕ್ಕೂ ರಕ್ಷಣೆಯಿದೆ.

ನೋಡುವುದರ ಜೊತೆಗೆ ಬರೆದಿಡು. ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದವರು 2002ರಲ್ಲಿ ಶುರುಮಾಡಿದ ಕೋರಲ್‌ವಾಚ್ ಎಂಬ ಯೋಜನೆಯಿದೆ. ಅವರ ಬಣ್ಣದ ಪಟ್ಟಿಯನ್ನು ಹವಳದ ಪಕ್ಕ ಹಿಡಿದು, ಮುಟ್ಟದೆ, ಅದರ ಅತಿ ತಿಳಿ ಭಾಗ ಯಾವ ಬಣ್ಣಕ್ಕೆ, ಅತಿ ಗಾಢ ಭಾಗ ಯಾವುದಕ್ಕೆ ಹೊಂದುತ್ತದೆ ಎಂದು ಗುರುತು ಹಾಕಿ ಕಳಿಸಬೇಕು; ಅಷ್ಟೇ ಕೆಲಸ. ಒಂದು ಸಲದ ಗುರುತಿಗೆ ಬೆಲೆ ಕಡಿಮೆ. ಅದೇ ಹವಳದ ಮೇಲೆ ಡಿಸೆಂಬರಿನಲ್ಲೊಮ್ಮೆ, ಏಪ್ರಿಲ್‌ನಲ್ಲೊಮ್ಮೆ, ಸುಡು ಸೆಪ್ಟೆಂಬರಿನಲ್ಲೊಮ್ಮೆ ಹಾಕಿದರೆ ಬಿಳಿಚುವಿಕೆ ಶುರುವಾದದ್ದು ಯಾವಾಗ, ಚೇತರಿಸಿಕೊಂಡದ್ದು ಎಷ್ಟರಮಟ್ಟಿಗೆ ಎಂಬುದಕ್ಕೆ ಅದು ದಾಖಲೆಯಾಗುತ್ತದೆ. ಇಷ್ಟೆಲ್ಲ ಮಾಡಲು ನಾನೇನು ಅಲ್ಲಿ ಖಾಯಂ ಇರುವವನೇ, ವೀಸಾ ಇರುವಷ್ಟು ದಿನ ತಾನೇ ಎಂದು ನೀನು ಕೊನೆಯದಾಗಿ ಕೇಳುತ್ತೀ. ಕೊಲ್ಲಿಯ ದೇಶಗಳಲ್ಲಿ ದುಡಿಯುವ ನಮ್ಮವರೆಲ್ಲರ ಪಾಡೂ ಅದೇ, ಆದ್ದರಿಂದಲೇ ಬರೆದಿಡು ಎನ್ನುತ್ತಿರುವುದು. ನೆನಪಿನಲ್ಲಿಟ್ಟದ್ದು ನಿನ್ನ ಜೊತೆಗೇ ವಿಮಾನ ಹತ್ತುತ್ತದೆ. ಬರೆದದ್ದನ್ನು ಅದೇ ದಂಡೆಗೆ ವಾರವಾರ ಬರುವ ಇನ್ನೊಬ್ಬರಿಗೆ, ಅವರು ಕೇರಳದವರಾಗಲಿ, ಫಿಲಿಪೀನ್ಸಿನವರಾಗಲಿ, ಯಾವ ಹವಳ ಯಾವುದು ಎಂದು ಒಮ್ಮೆ ನೀರಿನಲ್ಲೇ ತೋರಿಸಿ ಒಪ್ಪಿಸಿ ಬರಬಹುದು. ಊರಿಗೆ ಮರಳಿದ ಮೇಲೆ ಹವ್ಯಾಸ ಬಿಡಲಾಗದಿದ್ದರೆ ಮುರುಡೇಶ್ವರದ ಎದುರು ನೇತ್ರಾಣಿ ದ್ವೀಪವಿದೆ, ನಿನ್ನ ಒಮಾನ್ ಕೊಲ್ಲಿ ತೆರೆದುಕೊಳ್ಳುವ ಅರಬ್ಬೀ ಸಮುದ್ರವೇ ಅದೂ. ಮಳೆಗಾಲ ಕಳೆದು ನೀರು ತಿಳಿಯಾಗುವವರೆಗೆ ಮಾತ್ರ ಕಾಯಬೇಕು.

ಇಂತಿ ನಿನ್ನ ಹಿತ ಬಯಸುವ,
ಹಿರಿಯ