ಹಂಗಳದಿಂದ ಪೇಟೆಬೀದಿಗೆ

ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೊರಟವರು ಗುಂಡ್ಲುಪೇಟೆ ದಾಟಿ, ಊಟಿ ರಸ್ತೆಯ ಹಂಗಳದಲ್ಲಿ ಬಲಕ್ಕೆ ತಿರುಗುತ್ತಾರೆ. ಬೆಟ್ಟದ ಮಂಜು ನೋಡುವ ಆತುರದಲ್ಲಿ ಹಂಗಳ ಯಾರ ಕಣ್ಣಿಗೂ ಬೀಳುವುದಿಲ್ಲ. 1673ರಲ್ಲಿ ಪಟ್ಟಕ್ಕೆ ಬರುವ ಮುನ್ನ ಮೈಸೂರಿನ ಚಿಕ್ಕದೇವರಾಜ ಒಡೆಯರು ಕಾವಲಿನಲ್ಲಿ ದಿನ ದೂಡಿದ್ದು ಇಲ್ಲೇ. ತಂದೆಯ ನೆನಪಿಗೆ ಅವರು ಕಟ್ಟಿಸಿದ ಪರವಾಸುದೇವ ದೇವಾಲಯ ಗುಂಡ್ಲುಪೇಟೆಯಲ್ಲಿದೆ. ಮುಂದೆ ಇದೇ ಅರಸರು ಮೊಗಲರಿಗೆ ಮೂರು ಲಕ್ಷ ರೂಪಾಯಿ ತೆತ್ತು ಬೆಂಗಳೂರನ್ನು ಕೊಂಡರು. ಕೋಟೆಯ ಜೊತೆಗೆ ಪೇಟೆಯೂ ಬಂತು. ಅರಸರನ್ನು ಇಲ್ಲಿಗೆ ಬಿಟ್ಟು ನಾವು ಆ ಪೇಟೆಗೆ ಹೋಗೋಣ.

1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಪೇಟೆ ಅದು. ಅರಳೆಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ: ಬೀದಿಯ ಹೆಸರು ಕೇಳಿದರೆ ಸಾಕು, ಅಲ್ಲಿದ್ದವರ ಕಸುಬು, ಕುಲ ಎರಡೂ ತಿಳಿಯುತ್ತಿತ್ತು. ಹೊಸದಾಗಿ ಚರಿತ್ರೆ ಓದುವವರು ಇಲ್ಲೊಂದು ಕಡೆ ಎಡವುತ್ತಾರೆ. ಮೇಲೆ ಅರಸ, ಕೆಳಗೆ ಪ್ರಜೆ, ನಡುವೆ ಅಧಿಕಾರಿ ಎಂದು ಒಂದೇ ಏಣಿಯನ್ನು ಮನಸ್ಸಿನಲ್ಲಿ ನಿಲ್ಲಿಸಿಕೊಳ್ಳುತ್ತಾರೆ. ಆದರೆ ಪೇಟೆಯ ಜನ ಮೇಲು ಕೀಳಿಗಾಗಿ ಹೊಡೆದಾಡಿದ್ದು ಹೆಚ್ಚಾಗಿ ಅಕ್ಕಪಕ್ಕದ ಬೀದಿಯವರ ಜೊತೆ.

ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆ ಸುತ್ತಿದ. ಬೆಂಗಳೂರಿನಲ್ಲಿ ಅವನು ಬರೆದಿಟ್ಟ ಸಂಗತಿ ಇದು. ಕುಲಗಳೆಲ್ಲ ಎರಡು ಪಂಗಡ: ಬಲಗೈಯವರು ಹದಿನೆಂಟು ಫಣ, ಅಂದರೆ ಹದಿನೆಂಟು ಕುಲ; ಎಡಗೈಯವರು ಒಂಬತ್ತು ಫಣ. ಬಲಗೈಗೆ ವ್ಯಾಪಾರಿ ಬಣಜಿಗರು ಮುಂದಾಳುಗಳು, ಎಡಗೈಗೆ ಪಾಂಚಾಳರು, ಅಂದರೆ ಅಕ್ಕಸಾಲಿ, ಕಮ್ಮಾರ, ಬಡಗಿ ಮುಂತಾದವರು. ಬ್ರಾಹ್ಮಣರು ಈ ಎರಡಕ್ಕೂ ಹೊರಗೆ.

ಜಗಳ ಯಾವುದಕ್ಕೆ ಗೊತ್ತೇ? ಮದುವೆ ಚಪ್ಪರದ ಕಂಬಕ್ಕೆ! ಹನ್ನೆರಡು ಕಂಬದ ಚಪ್ಪರ ನಮಗೆ ಮಾತ್ರ ಸಲ್ಲುತ್ತದೆ, ಎಡಗೈಯವರು ಹನ್ನೊಂದಕ್ಕೇ ನಿಲ್ಲಬೇಕು ಎಂದು ಬಲಗೈಯವರ ವಾದ. ಮೆರವಣಿಗೆಯಲ್ಲಿ ಎದುರಿನವರು ಕುದುರೆ ಏರಕೂಡದು, ಹನುಮಂತನ ಧ್ವಜ ಹಿಡಿಯಕೂಡದು. ಹಕ್ಕುಗಳೆಲ್ಲ ಕಂಚಿಯಲ್ಲಿ ನಮಗೇ ಸಿಕ್ಕಿವೆ ಎಂದು ಇಬ್ಬರೂ ಹೇಳುತ್ತಿದ್ದರು. ಒಂದು ಕಂಬಕ್ಕೆ ಇಷ್ಟು ರಂಪವೇ ಎಂದು ನಗು ಬರಬಹುದು. ಆದರೆ ಚಪ್ಪರ ಏಳುವುದು ನಡುಬೀದಿಯಲ್ಲಿ, ಊರೆಲ್ಲ ನೋಡುವ ಕಡೆ. ಇವತ್ತು ಹನ್ನೆರಡನೆಯ ಕಂಬ ನೆಟ್ಟರೆ ನಾಳೆ ಅದೇ ರೂಢಿ, ಆಮೇಲೆ ಅದೇ ಹಕ್ಕು.

ಇನ್ನೊಂದು ವಿವರ ನನಗೆ ಚಪ್ಪರಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಹೊಲೆಯರು ಬಲಗೈಯಲ್ಲಿ, ಮಾದಿಗರು ಎಡಗೈಯಲ್ಲಿ. ಬಡಿದಾಟದಲ್ಲಿ ಎರಡೂ ಕಡೆಯ ಬಲ ಇವರದೇ ಎಂಬುದನ್ನು ಬುಕಾನನ್ ಮರೆಯದೆ ದಾಖಲಿಸಿದ್ದಾನೆ. ಏಟು ತಿಂದವರು ಇವರು. ಗೆದ್ದರೆ ಮಾನ ಮಾತ್ರ ಬಣಜಿಗರಿಗೋ ಅಕ್ಕಸಾಲಿಗರಿಗೋ.

ಇವರ ಅಳಲನ್ನು ಇವರದೇ ಮಾತಿನಲ್ಲಿ ಕೇಳಬೇಕೆಂದರೆ ಬುಕಾನನ್ ಸಾಲುವುದಿಲ್ಲ. ಅವನು ಕೇಳಿ ಬರೆದುಕೊಂಡ ಪರದೇಶಿ. ಈ ಪೇಟೆಯವಳಲ್ಲದಿದ್ದರೂ, ಅರಮನೆಯ ಕೆಲಸದವರ ಪೈಕಿ ಸ್ವತಃ ಬರೆದವಳು ಒಬ್ಬಳು ಸಿಗುತ್ತಾಳೆ: ಹಂಗಳ, ಗುಂಡ್ಲುಪೇಟೆಗಳಿರುವ ಚಾಮರಾಜನಗರ ಸೀಮೆಯ ಯಳಂದೂರಿನವಳು ಎನ್ನುವ ಸಂಚಿ ಹೊನ್ನಮ್ಮ. ಚಿಕ್ಕದೇವರಾಜರ ಅರಮನೆಯಲ್ಲಿ ಎಲೆಯಡಿಕೆ ಸಂಚಿ ಹಿಡಿಯುವುದು ಅವಳ ಊಳಿಗ. ಅವಳ ‘ಹದಿಬದೆಯ ಧರ್ಮ’ ಹೆಸರಿಗೆ ಪತಿವ್ರತೆಯ ನಡತೆ ಹೇಳುವ ಸಾಂಗತ್ಯ ಕಾವ್ಯ. ಹೆಣ್ಣು ಹುಟ್ಟಿದರೆ ಮುಖ ಸಿಂಡರಿಸುವವರನ್ನು ಅವಳು ನೇರವಾಗಿ ತರಾಟೆಗೆ ತೆಗೆದುಕೊಳ್ಳುವುದೂ ಅದರಲ್ಲೇ. ಮೇಲು ಕೀಳಿನ ಈ ಚರಿತ್ರೆಗೆ ಹೊಸಬರಾದವರು ಓದನ್ನು ಅವಳಿಂದಲೇ ಶುರುಮಾಡಬಹುದು.