ನೆರೆಹೊರೆಯ ನೆಲಗಳು

ಪವಿತ್ರ ಕುರ್‌ಆನಿನ ಅರ್‌ರಅದ್ ಅಧ್ಯಾಯದ 4ನೇ ಸೂಕ್ತವು, ಒಂದಕ್ಕೊಂದು ತಾಗಿಕೊಂಡಿದ್ದೂ ಗುಣದಲ್ಲಿ ಬೇರೆಯಾಗಿರುವ ನೆಲಗಳತ್ತ ನಮ್ಮ ಗಮನ ಸೆಳೆಯುತ್ತದೆ. ದೇಶದ ಪ್ರಕೃತಿ ವೈವಿಧ್ಯ ಎಂದೊಡನೆ ನಮ್ಮ ಮಕ್ಕಳು ಹಿಮಾಲಯ, ಥಾರ್ ಮರುಭೂಮಿ, ಸುಂದರಬನ ಎಂದು ಪಾಠ ಒಪ್ಪಿಸುತ್ತಾರೆ. ಸರಿಯೇ. ಆದರೆ ಅಷ್ಟು ದೂರ ಹೋಗಬೇಕಿಲ್ಲ. ಭೂಪಟದಲ್ಲಿ ಗದಗ ಜಿಲ್ಲೆಯ ನರಗುಂದದಿಂದ ಪಶ್ಚಿಮಕ್ಕೆ ನೇರವಾಗಿ ಸುಮಾರು 125 ಕಿ.ಮೀ. ಗೆರೆ ಎಳೆಯಿರಿ. ಅದು ಖಾನಾಪುರ ತಾಲೂಕಿನ ಕಣಕುಂಬಿಯನ್ನು ಮುಟ್ಟುತ್ತದೆ.

ಕಣಕುಂಬಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ, ಸುತ್ತ ದಟ್ಟ ಕಾಡು. ನರಗುಂದದಲ್ಲಿ 600 ಮಿ.ಮೀ.ಯ ಆಸುಪಾಸು. ಅರಬೀ ಸಮುದ್ರದಿಂದ ಬರುವ ಮುಂಗಾರಿನ ಗಾಳಿ ಘಟ್ಟವನ್ನು ಏರುವಾಗ ತಣಿದು ತನ್ನ ನೀರನ್ನೆಲ್ಲ ಅಲ್ಲಿ ಸುರಿಯುತ್ತದೆ. ಈಚೆಗೆ ಇಳಿಯುವಾಗ ಬಿಸಿಯೇರಿ ಒಣಗುತ್ತದೆ. ಆದ್ದರಿಂದ ಕಾಡು ಮುಗಿದು ಭತ್ತದ ಗದ್ದೆಗಳು ಬರುತ್ತವೆ, ಅವೂ ಮುಗಿದು ಸವದತ್ತಿಯ ಕಲ್ಲುಗುಡ್ಡಗಳು, ಕೊನೆಗೆ ಕಣ್ಣು ಹಾಯುವಷ್ಟು ದೂರ ಎರೆ ಭೂಮಿ, ನಡುವೆ ಕೋಟೆ ಹೊತ್ತ ನರಗುಂದದ ಗುಡ್ಡ.

ಈ ಎರೆ ಮಣ್ಣನ್ನು ಬರಡು ಎಂದುಕೊಳ್ಳುವವರು ಅದನ್ನು ಬೇಸಿಗೆಯಲ್ಲಿ ಮಾತ್ರ ಕಂಡವರು. ಆಗ ಅದು ಕೈ ತೂರುವಷ್ಟು ಬಿರಿದಿರುತ್ತದೆ. ಮೇಲಿನ ಮಣ್ಣು ಆ ಬಿರುಕುಗಳಿಗೆ ಉದುರಿ, ಮಳೆ ಬಂದಾಗ ಹಿಗ್ಗಿ ಮೇಲೆ ಬರುತ್ತದೆ; ನೆಲ ತನ್ನನ್ನು ತಾನೇ ಉತ್ತುಕೊಂಡಂತೆ. ಅದರ ನುಣುಪಾದ ಜೇಡಿ ಕಣಗಳು ತೇವವನ್ನು ತಿಂಗಳುಗಟ್ಟಲೆ ಹಿಡಿದಿಡುತ್ತವೆ. ಅದಕ್ಕೇ ಮಳೆಗಾಲ ಮುಗಿಯುವ ಹೊತ್ತಿಗೆ ಬಿತ್ತಿದ ಬಿಳಿಜೋಳ, ಕಡಲೆ, ಕುಸುಬೆ ಬರೀ ಇಬ್ಬನಿ ಮತ್ತು ಒಳತೇವದ ಮೇಲೆ ಬೆಳೆದು ನಿಲ್ಲುತ್ತವೆ. ಮಲೆನಾಡಿನ ಕೆಂಪು ಮಣ್ಣಿಗೆ ಈ ಶಕ್ತಿ ಇಲ್ಲ.

ಆದರೆ ತೇವ ಹಿಡಿಯುವ ಮಣ್ಣಿಗೆ ಅಳತೆ ಮೀರಿ ನೀರು ಬಿಟ್ಟರೆ? ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಗೆ ನವಿಲುತೀರ್ಥದಲ್ಲಿ ಅಣೆಕಟ್ಟು ಕಟ್ಟಿ 1970ರ ದಶಕದಲ್ಲಿ ಕಾಲುವೆ ನೀರು ಹರಿಸಲಾಯಿತು. ಕೆಲವೆಡೆ ಹೊಲ ಜವುಗಾಗಿ, ನೀರು ಆರಿದಾಗ ಉಪ್ಪು ಮೇಲೆ ಬಂದು ಬಿಳಿ ಪದರವಾಯಿತು. ಇನ್ನು ಕೆಲವರ ಹೊಲಕ್ಕೆ ನೀರೇ ಮುಟ್ಟಲಿಲ್ಲ, ಕರ ಮಾತ್ರ ಬಂತು. ಆ ಸಂಕಟವೇ 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಸ್ಫೋಟಿಸಿ ಜೀವಗಳು ಹೋದವು. ಮಣ್ಣಿನ ಗುಣ ನೋಡದೆ ಕಾಲುವೆಯ ನಕ್ಷೆ ಬರೆದದ್ದಕ್ಕೂ ಈ ಸಂಕಟದಲ್ಲಿ ಪಾಲಿದೆ ಎಂದು ನನಗನ್ನಿಸುತ್ತದೆ.

ಖಾನಾಪುರದ ಅದೇ ಘಟ್ಟದಲ್ಲಿ ಮಹದಾಯಿಯೂ ಹುಟ್ಟುತ್ತದೆ. ಅದು ಪಶ್ಚಿಮಕ್ಕೆ ಹರಿದು ಗೋವೆಯಲ್ಲಿ ಅರಬೀ ಸಮುದ್ರ ಸೇರಿದರೆ, ಮಲಪ್ರಭೆ ಪೂರ್ವಕ್ಕೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡಿ ಬಂಗಾಳ ಕೊಲ್ಲಿಯ ದಾರಿ ಹಿಡಿಯುತ್ತದೆ. ಮಹದಾಯಿಯ ಹಳ್ಳಗಳಾದ ಕಳಸಾ, ಬಂಡೂರಿಗಳ ನೀರನ್ನು ಮಲಪ್ರಭೆಗೆ ತಿರುಗಿಸಬೇಕೆಂದು 2015ರಿಂದ ನರಗುಂದದ ರೈತರು ದೀರ್ಘ ಧರಣಿ ಕುಳಿತರು. ನ್ಯಾಯಮಂಡಳಿ 2018ರಲ್ಲಿ ಅದಕ್ಕಾಗಿ 3.9 ಟಿ.ಎಂ.ಸಿ. ನೀರನ್ನು ಒಪ್ಪಿತು. ಎರೆ ಭೂಮಿಯ ಬಾಯಾರಿಕೆ ನಿಜ. ಆ ಹಳ್ಳಗಳನ್ನು ಹಡೆದ ಕಾಡೇ ಮಲಪ್ರಭೆಗೂ ತವರು ಎಂಬ ಮಾತು ಮಾತ್ರ ಈ ಗದ್ದಲದಲ್ಲಿ ಅಪರೂಪಕ್ಕೆ ಕೇಳಿಬರುತ್ತದೆ.